ಏರಿಯೊಳಗಿನ ಐದನೇ ತಂತಿ

ಜನವಾಡ ದಾಟಿ ಮಾಂಜ್ರಾ ಸೇತುವೆಗೆ ಬಂದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಮಗೆ ನಮ್ಮ ಜೀಪಿನ ಮೂತಿಯೇ ಕಾಣುತ್ತಿರಲಿಲ್ಲ. ಡ್ರೈವರ್ ಚಾಚಾ ಕಿಟಕಿಯಿಂದ ತಲೆ ಹೊರಗೆ ಹಾಕಿ, ರಸ್ತೆಯ ಬಿಳಿ ಪಟ್ಟಿಯನ್ನೇ ನಂಬಿ ಗಾಡಿ ಸಾಗಿಸುತ್ತಿದ್ದರು. ನಾನು ಮಡಿಲಲ್ಲಿ ಮೀಟರಿನ ಪೆಟ್ಟಿಗೆ ಇಟ್ಟುಕೊಂಡು ತೂಕಡಿಸುತ್ತಿದ್ದೆ. ಎಚ್ಚರದಲ್ಲೇ ಕನಸು ಕಾಣುವುದು ನನ್ನ ಹಳೆಯ ಚಟ. "ಇಕಿ ಕಣ್ಣು ತೆರ್ಕೊಂಡೇ ಮಲಗ್ತಾಳ" ಎಂದು ಅವ್ವ ಬಂದವರ ಮುಂದೆಲ್ಲ ನನ್ನ ಮಾನ ಕಳೆಯುತ್ತಿದ್ದಳು. ಆ ಮುಂಜಾನೆ ಸೇತುವೆಯ ಕೆಳಗೆ ನದಿ ಇರಲಿಲ್ಲ, ಮೇಲೆ ಆಕಾಶ ಇರಲಿಲ್ಲ. ಬೀದರಿನಿಂದ ಔರಾದಿಗೆ ಹೋಗುವ ರಸ್ತೆಯೊಂದು ಸುಮ್ಮನೆ ತೇಲುತ್ತಿತ್ತು. ಮುಂದೆಲ್ಲೋ ಮಣ್ಣಿನ ಆಳದಲ್ಲಿ ಏಳು ತಂತಿಗಳು ತಮ್ಮಷ್ಟಕ್ಕೆ ಗುನುಗುತ್ತಿವೆ ಎಂದು ನನಗೆ ಅನ್ನಿಸುತ್ತಿತ್ತು.

ಅದು ಪೂರ್ತಿ ಕನಸೂ ಅಲ್ಲ. ಚಿಂತಾಕಿಯ ಕಡೆಗಿರುವ ಒಂದು ಕೆರೆಯ ಏರಿಯೊಳಗೆ ನಿಜವಾಗಿಯೂ ಏಳು ತಂತಿಗಳಿದ್ದವು. ಏರಿಯನ್ನು ದುರಸ್ತಿ ಮಾಡಿದಾಗ ಏಳು ಕಡೆ ಉಕ್ಕಿನ ಚಿಕ್ಕ ಕೊಳವೆಗಳನ್ನು ಹೂತಿದ್ದರು. ಪ್ರತಿ ಕೊಳವೆಯೊಳಗೂ ಬಿಗಿದ ಒಂದು ತಂತಿ. ಏರಿಯ ಮೇಲಿನ ಸಣ್ಣ ಗೂಡಿನಲ್ಲಿ ಲಾಗರ್ ಎಂಬ ಪೆಟ್ಟಿಗೆ ಕೂತಿರುತ್ತದೆ. ಅದು ಕೇಬಲ್ಲಿನ ಮೂಲಕ ಆಗಾಗ ತಂತಿಯನ್ನು ಮೀಟಿ, ಸೆಕೆಂಡಿಗೆ ಎಷ್ಟು ಸಲ ಅದು ನಡುಗಿತು ಎಂದು ಎಣಿಸಿ, ಆ ಅಂಕಿಯನ್ನು ಭಾಲ್ಕಿಯ ನೀರಾವರಿ ಕಚೇರಿಗೆ ಕಳಿಸುತ್ತದೆ. ಸುತ್ತಲಿನ ಮಣ್ಣಿನಲ್ಲಿ ನೀರಿನ ಒತ್ತಡ ಏರಿದರೆ ತಂತಿ ಸಡಿಲಾಗುತ್ತದೆ, ಅಂಕಿ ಇಳಿಯುತ್ತದೆ. ಅಂದರೆ ಅಂಕಿ ಇಳಿದಷ್ಟೂ ಏರಿಗೆ ಅಪಾಯ. ಇಂಥ ಉಪಕರಣ ಕೆಟ್ಟರೆ ನೋಡಿ ಸರಿಪಡಿಸುವುದು ನನ್ನ ಕೆಲಸ, ಇಷ್ಟು ತಿಳಿದರೆ ಅದರ ಮುಕ್ಕಾಲು ತಿಳಿದಂತೆ.

ಹಿಂದಿನ ದಿನ ಭಾಲ್ಕಿಯ ಎಂಜಿನಿಯರ್ ನನ್ನನ್ನು ಕರೆಸಿ ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ಒಳ್ಳೆಯ ಮನುಷ್ಯ. ಕಣ್ಣು ಮಾತ್ರ ನಿದ್ದೆಯಿಲ್ಲದೆ ಕೆಂಪಾಗಿದ್ದವು. ಪರದೆಯ ಮೇಲೆ ಆರು ಗೆರೆಗಳು ಹಗ್ಗ ಬಿಚ್ಚಿದ ಕರುಗಳಂತೆ ಜಿಗಿಯುತ್ತಿದ್ದವು.

"ಮೇಡಂ, ಇವು ಹುಚ್ಚು ಹಿಡ್ದಂಗ ಕುಣೀಲತಾವ್ರಿ. ಮುಂಜಾನಿ ಒಂದು ಹೇಳ್ತಾವ, ಮಧ್ಯಾಹ್ನ ಇನ್ನೊಂದು. ಮ್ಯಾಲಿನವ್ರು ಕೆರಿ ಖಾಲಿ ಮಾಡ್ರಿ ಅನ್ಲತಾರ. ಖಾಲಿ ಮಾಡಿದ್ರ ಬ್ಯಾಸಗ್ಯಾಗ ಸುತ್ತಿನ ಊರಿಗೆಲ್ಲ ಏನ್ ಕುಡಿಸ್ಲಿ ಹೇಳ್ರಿ? ಸೆನ್ಸಾರ್ ಕೆಟ್ಟಾವ ಅಂತ ನೀವೊಂದು ಮಾತು ಹೇಳಿಬಿಟ್ರ ಗೇಟ್ ಹಂಗೇ ಬಂದ್ ಇಡ್ತೇನಿ."

"ನೋಡ್ದೇ ಹ್ಯಾಂಗ ಹೇಳ್ಲಿ ಸರ್?" ಎಂದೆ.

"ನೋಡ್ರಿ, ನೋಡ್ರಿ. ಐದನೇದು ಒಂದೇ ಬರೋಬ್ಬರಿ ಅದ. ಎಷ್ಟು ಶಾಂತ ಅದ ನೋಡ್ರಿ."

ನಿಜ. ಆ ಆರರ ನಡುವೆ ಐದನೇ ತಂತಿಯ ಗೆರೆಯೊಂದೇ ಅಲುಗದೆ ನೇರವಾಗಿ ಹೋಗುತ್ತಿತ್ತು. ತುಂಬಿದ ಕೊಡ ತುಳುಕುವುದಿಲ್ಲ ಅಂದೆ ನಾನೂ. ಇಬ್ಬರೂ ತಲೆಯಾಡಿಸಿದೆವು.

ಕೆರೆ ತುಂಬಿತ್ತು. ಮಂಜು ಸರಿದ ಮೇಲೆ ಏರಿಯ ಮೇಲೆ ನಿಂತು ನೋಡಿದಾಗ ನೀರು ಅಂಚಿನ ತನಕ ಬಂದು ಸುಮ್ಮನೆ ಕೂತಿತ್ತು. ಎಲ್ಲಿಂದಲೋ ಬಂದ ಬಾತುಗಳು ಅದರ ಮೇಲೆ ನಿದ್ದೆ ಮಾಡುತ್ತಿದ್ದವು. ಏರಿಯ ಇನ್ನೊಂದು ಬದಿಗೆ, ಕೆಳಗೆ, ತಗಡಿನ ಮತ್ತು ಹಂಚಿನ ಮನೆಗಳ ಒಂದು ಓಣಿ. ಏರಿಯ ಬುಡಕ್ಕೆ ಎಲ್ಲಕ್ಕಿಂತ ಹತ್ತಿರದ ಮನೆಯಲ್ಲಿ ಒಂದು ಹಿಟ್ಟಿನ ಗಿರಣಿ. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಓಣಿಯೆಲ್ಲ ಗಿರಣಿ ಅಕ್ಕ ಎನ್ನುತ್ತಿತ್ತು. ನಾವೂ ಹಾಗೇ ಕರೆದೆವು. ಕೂದಲಿಗೆ, ರೆಪ್ಪೆಗೆ ಸದಾ ಜೋಳದ ಹಿಟ್ಟು ಮೆತ್ತಿಕೊಂಡ, ಗಟ್ಟಿ ದನಿಯ, ಐವತ್ತು ದಾಟಿದ ಹೆಂಗಸು. ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೂ ಹಿಟ್ಟಿನ ತೆಳು ಹೊದಿಕೆ.

"ಕೆರಿ ಖಾಲಿ ಮಾಡ್ಲಕ ಬಂದೀರೇನ್ರಿ?" ಅದೇ ಅವಳ ಮೊದಲ ಮಾತು.

"ಇಲ್ಲ ಅಕ್ಕಾ, ಮಶಿನ್ ನೋಡ್ಲಕ ಬಂದೇವಿ."

"ನೋಡ್ರಿ ಹಂಗಾದ್ರ. ಈ ಕೆರಿಗಿ ನೀರು ಬರ್ಲಕ ನಾವು ಹೆಣ್ಮಕ್ಕಳು ಎಷ್ಟು ಸಲ ಔರಾದಿಗಿ ಹೋಗಿ ಕುಂತೇವಿ ಗೊತ್ತದೇನ್ರಿ? ಕಾಲುವಿ ಹೂಳು ತಗೀರಿ ಅಂತ ಸಾಹೇಬ್ರ ಬಾಗಲ್ದಾಗೇ ರೊಟ್ಟಿ ಬಿಚ್ಚಿ ಉಂಡೇವಿ. ಅದಾದ ಮ್ಯಾಲ ಇದು ತುಂಬ್ಯಾದ. ಹನಿ ನೀರು ಬಿಟ್ರ ನಾ ಸುಮ್ಮ ಕೂಡಂಗಿಲ್ಲ."

ಹೀಗೆ ಮೊದಲ ಗಂಟೆಯಲ್ಲೇ ವಿಷಯ ನಿಚ್ಚಳವಾಯಿತು. ತಂತಿಗಳು ಸುಳ್ಳು ಹೇಳುತ್ತಿದ್ದರೆ ನೀರು ಉಳಿಯುತ್ತದೆ. ನಿಜ ಹೇಳುತ್ತಿದ್ದರೆ ಅವಳ ಮನೆಯ ಹಿಂದಿನ ಮಣ್ಣಿನ ಗೋಡೆ ನಂಬಲು ಲಾಯಕ್ಕಿಲ್ಲ. ನೀರು ಉಳಿಯಲಿ ಎಂದೇ ನನ್ನ ಮನಸ್ಸೂ ಹೇಳುತ್ತಿತ್ತು.

ಮೊದಲ ದಿನಗಳಲ್ಲಿ ಮಾಡಿದ್ದೆಲ್ಲ ಗಾಳಿಗೆ ಗುದ್ದಿದ ಕೆಲಸ. ಲಾಗರಿನ ಒಳಗಿನ ಕಾರ್ಡು ಬದಲಿಸಿದೆ, ಕುಣಿತ ನಿಲ್ಲಲಿಲ್ಲ. ಬ್ಯಾಟರಿ ಬದಲಿಸಿದೆ, ನಿಲ್ಲಲಿಲ್ಲ. ಗೂಡಿನ ಮೇಲಿನ ಸೋಲಾರ್ ತಟ್ಟೆಯ ಮೇಲೆ ಅನುಮಾನ ಬಂದು ಅದನ್ನೂ ಕಳಚಿಟ್ಟೆ. ಕೇಬಲ್ಲುಗಳನ್ನೆಲ್ಲ ಒಂದೊಂದಾಗಿ ಹಿಡಿದು ಅಲುಗಿಸಿದೆ, ತುದಿಗಳನ್ನು ಕೆರೆದು ಹೊಳಪು ಮಾಡಿದೆ. ಭಾಲ್ಕಿಯಿಂದ ಎಂಜಿನಿಯರ್ ಫೋನು ಮಾಡುತ್ತಲೇ ಇದ್ದರು. ಮೊದಮೊದಲು "ಏನಾಯ್ತ್ರಿ ಮೇಡಂ" ಎಂದವರು ಆಮೇಲಾಮೇಲೆ "ಇನ್ನೂ ಆಗಿಲ್ಲೇನ್ರಿ" ಎನ್ನತೊಡಗಿದರು. ಚಾಚಾ ಜೀಪಿನ ನೆರಳಲ್ಲಿ ಮಲಗಿ ಆಕಾಶಕ್ಕೆ ಹೇಳುತ್ತಿದ್ದರು, "ಬೇಟಿ, ಈ ಕೆರಿಗಿ ನಜರ್ ಆಗ್ಯಾದ. ಒಂದು ಲಿಂಬಿಕಾಯಿ ಕಟ್ಟಿ ನೋಡ್ರಿ. ನಿಮ್ಮ ಕಾರ್ಡಿಗಿಂತ ಸಸ್ತಾ."

ಕೊನೆಗೆ ನಾನು ಹಳೆಯ ದಾರಿ ಹಿಡಿದೆ. ನನ್ನ ಕೈಮೀಟರಿಗೆ ಇಯರ್‌ಫೋನ್ ಚುಚ್ಚುವ ತೂತು ಒಂದಿದೆ. ಈಗ ಯಾರೂ ಅದನ್ನು ಬಳಸುವುದಿಲ್ಲ, ಅಂಕಿ ಬರುತ್ತದಲ್ಲ ಸಾಕು ಎನ್ನುತ್ತಾರೆ. ನನಗೆ ಮಾತ್ರ ಅದು ಇಷ್ಟ. ಗೂಡಿನ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಮೊದಲನೇ ತಂತಿಯನ್ನು ಮೀಟಿ ಕಿವಿಗೊಟ್ಟೆ.

ಅದನ್ನು ಕೇಳದವರಿಗೆ ಹೇಗೆ ಹೇಳುವುದೋ ತಿಳಿಯದು. ದೂರದಲ್ಲಿ ಯಾರೋ ಹಿತ್ತಾಳೆಯ ತಟ್ಟೆಗೆ ಉಗುರು ತಾಗಿಸಿದ ಹಾಗೆ ಒಂದು ಟಿಂಗ್. ಅದು ಮಣ್ಣಿನ ಕೆಳಗಿನಿಂದ, ನೀರಿನ ಪಕ್ಕದಿಂದ, ಕತ್ತಲಿನಿಂದ ಬರುತ್ತದೆ. ಬಂದು, ಸಣ್ಣಗಾಗುತ್ತ ಆಗುತ್ತ, ಇಲ್ಲವಾಗುತ್ತದೆ. ಅದು ಇಲ್ಲವಾಗುವ ಕ್ಷಣ ಯಾವುದೆಂದು ಹಿಡಿಯಲು ಹೋಗಿ ನಾನು ಎಷ್ಟೋ ಸಲ ಕಳೆದುಹೋಗಿದ್ದೇನೆ. ಆದರೆ ಅಂದು ಆ ಟಿಂಗ್‌ನ ಹಿಂದೆ ದಪ್ಪನೆಯ ಒಂದು ಗುಂಯ್ ಸದ್ದು ಮಲಗಿತ್ತು. ಕೆಲವು ಸಲ ಅದು ಎದ್ದು ಟಿಂಗನ್ನು ನುಂಗಿಬಿಡುತ್ತಿತ್ತು, ಮತ್ತೆ ತಗ್ಗುತ್ತಿತ್ತು. ಬಿಸಿಲು ಹಿತವಾಗಿತ್ತು. ನಾನು ಕೇಳುತ್ತ ಕೇಳುತ್ತ ಮಂಪರಿಗೆ ಜಾರಿದೆ. ಮಂಪರಿನಲ್ಲಿ ನನ್ನ ಬಾಲ್ಯದ ಅಡುಗೆಮನೆ ಕಂಡಿತು. ಬಿಸಿ ಹಿಟ್ಟಿನ ವಾಸನೆ. ಅವ್ವ ಜೋಳದ ಹಿಟ್ಟಿಗೆ ಕುದಿನೀರು ಹಾಕುತ್ತಿದ್ದಾಳೆ. ಗುಂಯ್ ಎದ್ದಾಗ ವಾಸನೆ ದಟ್ಟವಾಗುತ್ತದೆ, ತಗ್ಗಿದಾಗ ತೆಳುವಾಗುತ್ತದೆ.

ಕಣ್ಣು ತೆರೆದೆ. ವಾಸನೆ ಕನಸಿನದಲ್ಲ, ಕೆಳಗಿನ ಗಿರಣಿಯದು. ಯಾರದೋ ಜೋಳ ಬೀಸಿ ಮುಗಿದು ಗಿರಣಿ ನಿಂತಿತು. ಕಿವಿಯಲ್ಲಿನ ಗುಂಯ್ ಕೂಡ ಅದೇ ಗಳಿಗೆಗೆ ತಗ್ಗಿತು.

ಏರಿ ಇಳಿದು ಓಡಿದೆ. ಚಾಚಾ ಹಾವು ಬಂತೆಂದು ತಿಳಿದು ಜೀಪಿನ ಮೇಲೆ ಹತ್ತಿದರು.

ಗಿರಣಿಯ ಹಿಂದೆ, ಏರಿಯ ಬುಡದಲ್ಲಿ, ಏಳೂ ಕೇಬಲ್ಲುಗಳು ಸೇರುವ ಕಬ್ಬಿಣದ ಪೆಟ್ಟಿಗೆ ಇತ್ತು. ಅದರ ಮಗ್ಗುಲಲ್ಲೇ ನೆಲಕ್ಕೆ ಹೊಡೆದ ಒಂದು ಸಲಾಕೆ. ಸಲಾಕೆಗೆ ಸುತ್ತಿದ ತಂತಿ ಗಿರಣಿಯ ಗೋಡೆಯೊಳಗೆ ಹೋಗಿತ್ತು. ಸುತ್ತಲೂ ಒದ್ದೆ ಮಣ್ಣು, ಒದ್ದೆ ಮಣ್ಣಿನ ತುಂಬ ಸೊಂಪಾದ ಪುದೀನ. ಇದೇನೆಂದು ಕೇಳಿದೆ.

"ಅರ್ಥಿಂಗ್ ರೀ," ಎಂದಳು ಗಿರಣಿ ಅಕ್ಕ. "ಕಂಬದ ಮ್ಯಾಲಿಂದು ನ್ಯೂಟ್ರಲ್ ವಾಯರು ಮಳಿಗಾಲದ ಗಾಳಿಗಿ ಕಡದು ಹೋಯ್ತು. ಲೈನ್‌ಮನ್ ಇವತ್ತು ಬರ್ತೇನಿ ನಾಳಿ ಬರ್ತೇನಿ ಅಂದ. ಮಂದಿ ಜ್ವಾಳ ಹೊತ್ಕೊಂಡು ಬಾಗಲ್ದಾಗ ನಿಂತಾರ, ಏನ್ ಮಾಡ್ಲಿ? ಫೇಜ್ ಕಂಬದಿಂದ ತಗೊಂಡೇನಿ, ಇನ್ನೊಂದು ವಾಯರು ನೆಲಕ್ಕ ಕೊಟ್ಟೇನಿ. ದಿನಾ ಮುಂಜಾನಿ ಒಂದು ಕೊಡ ನೀರು, ಒಂದು ಮುಷ್ಟಿ ಉಪ್ಪು ಹಾಕ್ತೇನಿ. ನೆಲ ಹಸಿ ಇದ್ರ ಕರೆಂಟ್ ಜೋರ್ ಬರ್ತದ."

"ಬರಿಗಾಲ್ಲೆ ನಿಂತು ಹಾಕ್ತೀರೇನ್ ಅಕ್ಕಾ?"

"ಹೌದ್ರಿ. ಕಾಲು ಜುಮ್ ಅಂತಾವ, ಅಷ್ಟೇ."

ನಾನು ಅವಳ ಕೈ ಹಿಡಿದು ಒಣ ನೆಲಕ್ಕೆ ಎಳೆದೆ. ಅವಳು ನಕ್ಕಳು. ನಮ್ಮ ಕಡೆ ಇದು ಹೊಸದಲ್ಲ. ಕರೆಂಟಿನ ಅರ್ಧ ದಾರಿಯನ್ನು ಭೂಮಿತಾಯಿಗೇ ಒಪ್ಪಿಸಿ ಕೆಲಸ ನಡೆಸುವ ಮನೆಗಳು ಊರಿಗೆ ನಾಲ್ಕಾರು ಸಿಗುತ್ತವೆ. ಈ ಮನೆಯ ಕರೆಂಟು ಭೂಮಿಯಲ್ಲಿ ಸುಮ್ಮನೆ ಹರಿದು ಹೋಗಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಪೆಟ್ಟಿಗೆಯ ಬಾಗಿಲು ತೆಗೆದು ನೋಡಿದಾಗ ಕಂಡಿದ್ದು ಬೇರೆ. ಕೇಬಲ್ಲಿಗೆ ಹೊದಿಸಿದ ತಾಮ್ರದ ಹೆಣಿಗೆಯನ್ನು ಒಂದೇ ತುದಿಯಲ್ಲಿ ನೆಲಕ್ಕೆ ಕೊಡಬೇಕು. ಯಾರೋ ಅತಿ ಎಚ್ಚರಿಕೆಯ ಮನುಷ್ಯ, ಒಂದಕ್ಕಿಂತ ಎರಡು ಲೇಸೆಂದು, ಮೇಲೆ ಗೂಡಿನಲ್ಲೂ ಕೆಳಗೆ ಪೆಟ್ಟಿಗೆಯಲ್ಲೂ ಕೊಟ್ಟಿದ್ದ. ಗಿರಣಿಯ ಕರೆಂಟು ಸಲಾಕೆಯಿಂದ ನೆಲಕ್ಕಿಳಿದು, ಪಕ್ಕದಲ್ಲೇ ತಾಮ್ರದ ಒಳ್ಳೆಯ ದಾರಿ ಕಂಡು, ಅದರ ಮೂಲಕ ಏರಿ ಹತ್ತಿ ಹೋಗುತ್ತಿತ್ತು. ಹೋಗುತ್ತ ದಾರಿಯಲ್ಲಿ ತಂತಿಗಳ ಸಣ್ಣ ದನಿಯ ಮೇಲೆ ತನ್ನ ಗುಂಯ್ ಅನ್ನು ಹೇರುತ್ತಿತ್ತು.

ಗಿರಣಿ ಅರ್ಧ ದಿನ ನಿಲ್ಲಿಸಲು ಕೇಳಿಕೊಂಡೆ. ನಿಲ್ಲಿಸಿದಳು. ಆರು ತಂತಿಗಳ ಕುಣಿತ ಬಹುಪಾಲು ನಿಂತಿತು. ಐದನೆಯದಂತೂ ಮೊದಲೂ ಅಲುಗಿರಲಿಲ್ಲ, ಈಗಲೂ ಅಲುಗಲಿಲ್ಲ. ಭಾಲ್ಕಿಗೆ ಫೋನು ಮಾಡಿದೆ. ಎಂಜಿನಿಯರ್ ಆ ಕಡೆಯಿಂದ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. "ನಾ ಹೇಳಿಲ್ಲೇನ್ರಿ ಮೇಡಂ, ಏರಿಗೇನೂ ಆಗಿಲ್ಲಂತ!" ಎಂದರು. ಅಕ್ಕ ಪುದೀನ ಕಿತ್ತು ಚಹಾ ಮಾಡಿ ಕೊಟ್ಟಳು. ಚಾಚಾ ಎರಡು ಲೋಟ ಕುಡಿದು, ಲಿಂಬೆಕಾಯಿಯ ಖರ್ಚು ಉಳಿಯಿತು ಎಂದರು.

ಅಲ್ಲಿಗೆ ಬೀದರಿಗೆ ಹೊರಟುಬಿಡಬಹುದಿತ್ತು. ಬಿಸಿಲು ಇಳಿಯುತ್ತಿತ್ತು, ಮನೆಗೆ ಹೋಗುವ ಆಸೆಯೂ ಇತ್ತು. ಆದರೆ ಅಷ್ಟು ಚೆನ್ನಾಗಿ ಹಾಡುವ ತಂತಿಯನ್ನು ಒಮ್ಮೆ ಕೇಳದೆ ಹೋಗುವುದೆಂತು ಎಂಬ ಒಂದೇ ಆಸೆಗೆ ನಾನು ಮತ್ತೆ ಏರಿ ಹತ್ತಿ ಐದನೆಯದಕ್ಕೆ ಇಯರ್‌ಫೋನ್ ಹಾಕಿದೆ.

ಟಿಂಗ್ ಇರಲಿಲ್ಲ. ತೆಳುವಾದ, ಎತ್ತರದ ಒಂದು ಸಿಳ್ಳು ಇತ್ತು. ಕಾದೆ. ಅದು ಕುಂದಲಿಲ್ಲ. ಮತ್ತೆ ಮೀಟಿದೆ, ಕಾದೆ. ಕುಂದಲಿಲ್ಲ. ಮೀಟಿದ ತಂತಿಯ ದನಿ ಸಾಯಬೇಕು. ಸಾಯದ ದನಿ ತಂತಿಯದಲ್ಲ. ಅದರ ಅಂಕಿ ನೋಡಿದೆ: ಎರಡು ಸಾವಿರದ ಏಳುನೂರ ಐವತ್ತು. ಇಷ್ಟು ದಿನ ಅದನ್ನು ನೋಡಿಯೂ ನೋಡಿರಲಿಲ್ಲ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಡುತ್ತದೆ. ಈ ಅಂಕಿ ಆ ಐವತ್ತರ ಐವತ್ತೈದು ಪಟ್ಟು, ಸರಿಯಾಗಿ.

ಮರುದಿನ ಗಿರಣಿಯಲ್ಲಿ ಒಂದು ಜೋಳದ ಚೀಲದ ಮೇಲೆ ಕೂತೆ. ಕೈಯಲ್ಲಿದ್ದ ಮೊಬೈಲಿನಲ್ಲಿ ಐದನೇ ತಂತಿಯ ಅಂಕಿ. ಚಾಚಾರಿಗೆ ಇನ್ನೊಂದು ಮೀಟರು ಕೊಟ್ಟು ಗೋಡೆಯ ಸಾಕೆಟ್ಟಿನಲ್ಲಿ ಕರೆಂಟಿನ ಓಟ ನೋಡಲು ಹಚ್ಚಿದೆ. ಅದು ಐವತ್ತೆಂದರೆ ಸದಾ ಐವತ್ತೇ ಇರುವುದಿಲ್ಲ. ದೇಶದಲ್ಲಿ ಎಲ್ಲರೂ ಒಟ್ಟಿಗೆ ಕರೆಂಟು ಎಳೆದರೆ ಕೂದಲೆಳೆಯಷ್ಟು ತಗ್ಗುತ್ತದೆ, ಬಿಟ್ಟರೆ ಕೂದಲೆಳೆಯಷ್ಟು ಏರುತ್ತದೆ.

"ಇಳೀತು ಬೇಟಿ," ಎಂದರು ಚಾಚಾ.

ನನ್ನ ಕೈಯಲ್ಲಿನ ಅಂಕಿಯೂ ಇಳಿಯಿತು.

"ಏರ್ಲತದ."

ಇಲ್ಲಿಯೂ ಏರಿತು.

ಹೀಗೆ ಎಷ್ಟು ಹೊತ್ತು ಕೂತಿದ್ದೆವೋ. ಅಕ್ಕ ಜೋಳ ಸುರಿಯುವುದನ್ನು ಬಿಟ್ಟು ನಮ್ಮಿಬ್ಬರ ಬಾಯಿ ನೋಡುತ್ತಿದ್ದಳು. ನನಗೆ ಮೈ ಹಗುರಾಗಿ ತೇಲಿದ ಹಾಗಾಯಿತು. ಔರಾದಿನ ಒಂದು ಮಣ್ಣಿನ ಏರಿಯೊಳಗೆ ಹೂತ ತಂತಿಯ ಹೆಸರಿನಲ್ಲಿ ನಾನು ಇಷ್ಟು ದಿನ ಕೇಳಿದ್ದು ದೇಶದ ಅಷ್ಟೂ ದೀಪಗಳ, ಪಂಪುಗಳ, ಫ್ಯಾನುಗಳ ಉಸಿರಾಟ. ಎಲ್ಲೋ ದೂರದಲ್ಲಿ ಒಂದು ಕಾರ್ಖಾನೆ ಶುರುವಾದರೆ ಅದರ ಸುದ್ದಿ ಈ ಅಂಕಿಗೆ ಗೊತ್ತಾಗುತ್ತಿತ್ತು. ಪಕ್ಕದ ಮಣ್ಣಿನಲ್ಲಿ ನೀರೆಷ್ಟಿದೆ ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ಐದನೇ ತಂತಿಯ ಕೇಬಲ್ಲು ಎಲ್ಲಕ್ಕಿಂತ ಉದ್ದ, ನಡುವೆ ಒಂದು ಗಂಟು ಬೇರೆ. ಅದರ ಸ್ವಂತ ದನಿ ಕ್ಷೀಣವಾಗಿತ್ತು. ಕುಣಿದ ಆರು ತಂತಿಗಳು ಗದ್ದಲದ ನಡುವೆಯೂ ತಮ್ಮ ಮಾತು ಹೇಳಲು ಒದ್ದಾಡುತ್ತಿದ್ದವು. ಶಾಂತವಾಗಿದ್ದ ಇದು ಬಾಯಿ ಕಟ್ಟಿಕೊಂಡು ಕೂತಿತ್ತು. ಗಿರಣಿ ನಿಂತರೂ ಮನೆಯ ಬಲ್ಬು, ಟೀವಿ, ಫ್ಯಾನುಗಳ ಕರೆಂಟು ಅದೇ ನೆಲಕ್ಕೆ ಇಳಿಯುತ್ತಿತ್ತು, ಅಷ್ಟೇ ಅದಕ್ಕೆ ಸಾಕಾಗಿತ್ತು.

ಲೈನ್‌ಮನ್‌ನನ್ನು ಭಾಲ್ಕಿಯ ಎಂಜಿನಿಯರ್ ಔರಾದಿನಿಂದ ಎಬ್ಬಿಸಿ ತರಿಸಿದರು. ಕಂಬದ ವಾಯರು ಕೂಡಿತು. ನಾನು ಪೆಟ್ಟಿಗೆಯೊಳಗಿನ ತಾಮ್ರದ ಹೆಣಿಗೆಗಳನ್ನು ನೆಲದಿಂದ ಬಿಡಿಸಿ, ಟೇಪು ಸುತ್ತಿ, ಮೇಲಿನ ಗೂಡಿನಲ್ಲಿ ಮಾತ್ರ ಉಳಿಸಿದೆ. ಐದನೆಯದರ ಗಂಟನ್ನು ಬಿಚ್ಚಿ ಹೊಸದಾಗಿ ಬೆಸೆದೆ. ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

ಟಿಂಗ್. ಕ್ಷೀಣವಾಗಿತ್ತು, ಆದರೆ ತಂತಿಯದೇ. ಬಂತು, ಸಣ್ಣಗಾಯಿತು, ಹೋಯಿತು. ಉಳಿದ ಆರಕ್ಕಿಂತ ತುಂಬ ತಗ್ಗಿನ ಸ್ವರ. ಅಂಕಿ ಎರಡು ಸಾವಿರದ ಐದುನೂರಕ್ಕೂ ಕೆಳಗೆ. ಮರುದಿನ ಇನ್ನೂ ಸ್ವಲ್ಪ ಕೆಳಗೆ.

"ಈಗ ಇದೂ ಕೆಡ್ತು ನೋಡ್ರಿ," ಎಂದರು ಎಂಜಿನಿಯರ್ ಫೋನಿನಲ್ಲಿ. "ನೀವು ಮುಟ್ಟೋ ತನ ಚಲೋ ಇತ್ತು."

"ಸರ್, ಕರೆಂಟ್ ಹೋದಾಗೆಲ್ಲ ಮೊದ್ಲಿಂದೂ ಇದೇ ಅಂಕಿ ಬಂದಿರಬೇಕಲ್ರಿ. ನಿಮ್ಮ ಕಂಪ್ಯೂಟರಿನ್ಯಾಗ ನೋಡ್ರಿ."

ನೋಡಿದರು. ಬಂದಿತ್ತು. ಆದರೆ ಹಿಂದಿನದಕ್ಕಿಂತ ತೀರ ಬೇರೆಯಾದ ಅಂಕಿ ಬಂದರೆ ಅದನ್ನು ತಪ್ಪೆಂದು ಎಸೆದು ಹಳೆಯದನ್ನೇ ಮುಂದುವರಿಸು ಎಂದು ಕಂಪ್ಯೂಟರಿಗೆ ಯಾರೋ ಕಲಿಸಿಟ್ಟಿದ್ದರು. ನಿಜ ಬಂದಾಗಲೆಲ್ಲ ಅದು ಹೊಸ್ತಿಲಲ್ಲೇ ಕತ್ತು ಹಿಡಿದು ಹೊರಗೆ ದಬ್ಬಿತ್ತು. ಎಂಜಿನಿಯರ್ ಆ ಎಸೆದ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಆಮೇಲೆ, "ಒಂದು ತಂತಿ ಮಾತು ನಂಬಿ ಕೆರಿ ಬಿಡ್ಲೇನ್ರಿ? ಅದನ್ನ ಹೊರಗ ತಗದು ನೋಡ್ಲಕೂ ಬರಂಗಿಲ್ಲ. ಮತ್ತೊಂದು ಸಾಕ್ಷಿ ಕೊಡ್ರಿ," ಎಂದರು. ತಪ್ಪು ಮಾತಲ್ಲ. ನಾನೂ ಒಳಗೊಳಗೆ ಆ ತಂತಿ ಕೆಟ್ಟಿರಲಿ ಎಂದೇ ಹಾರೈಸುತ್ತಿದ್ದೆ. ತುಂಬಿದ ನೀರಿನ ಮೇಲೆ ಬಾತುಗಳು ನಿದ್ದೆ ಮಾಡುವುದನ್ನು ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ.

ಆ ಸಂಜೆ ಏರಿಯ ಬುಡದಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಚಳಿಗಾಲದ ಬಿಸಿಲಿಗೆ ಕರಿಮಣ್ಣು ಎಲ್ಲ ಕಡೆ ಸೀಳು ಬಿಟ್ಟಿತ್ತು. ಒದ್ದೆ ಇದ್ದಿದ್ದು ಒಂದೇ ಕಡೆ, ಗಿರಣಿಯ ಹಿಂದೆ. ಅದು ಅಕ್ಕ ಹಾಕುವ ನೀರು. ಏರಿ ನೋಡಲು ಬಂದವರೆಲ್ಲ ಆ ಹಸಿಯನ್ನು ನೋಡಿದ್ದರು, ಕೊಡವನ್ನೂ ನೋಡಿದ್ದರು, ಮುಂದೆ ಹೋಗಿದ್ದರು. ನಾನಂತೂ ಅಲ್ಲಿನ ಪುದೀನ ಚಹಾ ಕುಡಿದಿದ್ದೆ. ಐದನೇ ತಂತಿ ಮಲಗಿದ್ದು ಸರಿಯಾಗಿ ಅದರ ಮೇಲ್ಗಡೆ.

ವಾಯರು ಕೂಡಿದ ಮೇಲೂ ಅಕ್ಕ ನೀರು ಹಾಕುವುದನ್ನು ಬಿಟ್ಟಿರಲಿಲ್ಲ. ರೂಢಿ. ಮನೆ ಕಾಯುವ ಸಲಾಕೆ, ಬಾಯಾರಿಸಬಾರದು ಎನ್ನುತ್ತಿದ್ದಳು.

"ಅಕ್ಕಾ, ನಾಳಿಂದ ಇಲ್ಲಿ ಹನಿ ನೀರು ಹಾಕಬ್ಯಾಡ್ರಿ."

"ಯಾಕ್ರಿ? ಪುದೀನ ಒಣಗ್ತದಲ್ಲ."

"ಒಣಗ್ಲಿ ಅಂತೇ ಹೇಳ್ಲತೇನಿ. ಒಣಗಿದ್ರ ಇದು ನಿಮ್ಮ ಕೊಡದ ನೀರೇ ಅಂತ ಖರೆ ಆಗ್ತದ, ನಿಮ್ಮ ಕೆರಿ ಉಳೀತದ."

ಅವಳು ನನ್ನ ಮುಖವನ್ನೇ ನೋಡಿದಳು. ಒಲೆಯಿಂದ ಬೂದಿ ತಂದು ಒದ್ದೆ ನೆಲದ ಸುತ್ತ ತಾನೇ ಗೆರೆ ಎಳೆದಳು. ಆ ಕಡೆ ಯಾರೂ ಬಚ್ಚಲ ನೀರು ಕೂಡ ಚೆಲ್ಲದಂತೆ ಓಣಿಗೆಲ್ಲ ತಾಕೀತು ಮಾಡಿದಳು.

ನಾನು ಬೀದರಿಗೆ ಹೋದೆ, ಬೇರೆ ಕೆಲಸ ಮಾಡಿದೆ. ಬಗದಲ್ ಕಡೆ ಒಂದು ಪಂಪಿನ ಮೀಟರು ನೋಡಬೇಕಿತ್ತು, ನೋಡಿದೆ. ಕೈ ಅಲ್ಲಿತ್ತು, ಮನಸ್ಸು ಪುದೀನದ ಬೇರಿನಲ್ಲಿತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ರೊಟ್ಟಿ ಮುರಿಯುವಾಗ, ನನ್ನ ಕಣ್ಣ ಮುಂದೆ ಒಂದು ಎಲೆ ನಿಧಾನವಾಗಿ ಬಾಡುತ್ತಿತ್ತು. ಬಾಡು, ಬಾಡು ಎಂದು ನಾನು ಅದಕ್ಕೆ ಹೇಳುತ್ತಿದ್ದೆ.

ಫೋನು ಬಂತು. ಗಿರಣಿ ಅಕ್ಕನ ಗಟ್ಟಿ ದನಿ ತಗ್ಗಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಎಷ್ಟು ಮೆತ್ತಗಿತ್ತು.

"ಮೇಡಂ, ನಾ ನೀರು ಹಾಕಿಲ್ರಿ. ಯಾರೂ ಹಾಕಿಲ್ಲ. ಬುದ್ಧನ ಆಣಿ. ಖರೇ, ಬೂದಿ ಎಲ್ಲ ತೊಯ್ದು ಕರ್ರಗ ಆಗ್ಯಾದ. ಹಸಿ ಗೆರಿ ದಾಟಿ ಹೊರಗ ಬಂದದ."

ಚಾಚಾ ಆ ದಿನ ಜೀಪು ಓಡಿಸಿದ ಹಾಗೆ ಹಿಂದೆಂದೂ ಓಡಿಸಿರಲಿಲ್ಲ. ತಮಾಷೆ ಮಾಡಲಿಲ್ಲ. ದಾರಿಯಲ್ಲೇ ಭಾಲ್ಕಿಗೆ ಫೋನು ಮಾಡಿದೆ. ಎಂಜಿನಿಯರ್ ವರದಿಯ ಮಾತು ತೆಗೆದರು. "ವರದಿ ಆಮ್ಯಾಲ ಕೊಡ್ತೇನಿ ಸರ್. ತಪ್ಪಾದ್ರ ನಂದೇ ತಪ್ಪು ಅಂತ ಬರ್ಕೊಳ್ರಿ. ಮೊದ್ಲು ಗೇಟ್ ಎತ್ತಸ್ರಿ," ಎಂದೆ. ಆ ಹೆಂಗಸರು ಔರಾದಿನ ಕಚೇರಿಯ ಬಾಗಿಲಲ್ಲಿ ರೊಟ್ಟಿ ಬಿಚ್ಚಿ ಕೂತಿದ್ದು ಕಣ್ಣೆದುರು ಬಂತು.

ನಾವು ಮುಟ್ಟಿದ ಸ್ವಲ್ಪ ಹೊತ್ತಿಗೆ ಅವರೂ ಭಾಲ್ಕಿಯಿಂದ ಬಂದರು. ನೆಟ್ಟಗೆ ಹೋಗಿ ಪುದೀನದ ನಡುವೆ ಕುಕ್ಕರಗಾಲಲ್ಲಿ ಕೂತರು. ಸೋರುತ್ತಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು, ಬೆರಳಲ್ಲಿ ಉಜ್ಜಿ, ಮತ್ತೆ ಉಜ್ಜಿದರು. ತಿಳಿ ನೀರು ಸೋರಿದರೆ ಏರಿ ಬದುಕುತ್ತದೆ, ಮಣ್ಣು ಹೊತ್ತು ತರುವ ನೀರು ಏರಿಯನ್ನು ಒಳಗಿನಿಂದ ತಿನ್ನುತ್ತಿರುತ್ತದೆ.

"ಸಣ್ಣ ಮಣ್ಣು ಬರ್ಲತದ," ಎಂದರು. ಎದ್ದು ಗೇಟಿನ ಕಡೆ ನಡೆದರು.

ಗೇಟು ಏಳುವಾಗ ಓಣಿಯ ಹೆಂಗಸರೆಲ್ಲ ಏರಿಯ ಮೇಲೆ ಸೇರಿದ್ದರು. ಯಾರೂ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ನೀರು ಹಳ್ಳಕ್ಕೆ ಬಿದ್ದ ಸದ್ದಿಗೆ ಬಾತುಗಳು ಎದ್ದು ಒಂದು ಸುತ್ತು ಹಾಕಿ, ಇಳಿಯಲು ಮನಸ್ಸಾಗದೆ ಉತ್ತರಕ್ಕೆ ಹೋದವು. ಗಿರಣಿ ಅಕ್ಕ ನನ್ನ ಪಕ್ಕಕ್ಕೆ ಬಂದು ನಿಂತಳು.

"ನಾ ನೀರು ಹಾಕ್ಕೋತೇ ಇದ್ದಿದ್ರ ನಿಮಗ ಗೊತ್ತೇ ಆಗ್ತಿರಲಿಲ್ಲ, ಹೌದಿಲ್ರಿ? ಸುಮ್ಮ ಹಾಕೋದಿತ್ತು."

"ಗೊತ್ತಾಗ್ತಿತ್ತು ಅಕ್ಕಾ. ಬ್ಯಾರೆ ರೀತಿ ಗೊತ್ತಾಗ್ತಿತ್ತು."

ಅವಳು ತಿರುಗಿ ಕೆಳಗಿನ ಓಣಿಯನ್ನು ನೋಡಿದಳು. ಅಂಗಳಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಆಮೇಲೆ ನನ್ನ ಕಡೆ ತಿರುಗದೆ ಇಳಿದು ಹೋದಳು. ನನಗೆ ಅಳು ಬಂತು. ಗೂಡಿನೊಳಗೆ ಹೋಗಿ ಕೇಬಲ್ಲು ಸುತ್ತುವ ನೆಪದಲ್ಲಿ ಅತ್ತೆ.

ನೀರು ತಗ್ಗಿದಂತೆ ಐದನೇ ತಂತಿಯ ಅಂಕಿ ದಿನದಿನಕ್ಕೂ ಏರಿತು. ಬುಡವನ್ನು ಅಗೆದಾಗ, ಎಂದೋ ಮುಚ್ಚಿಹೋದ ಹಳೆಯ ಕಲ್ಲಿನ ತೂಬೊಂದು ಏರಿಯ ಅಡಿಯಲ್ಲಿ ಸಿಕ್ಕಿತು. ಅದರ ಮಗ್ಗುಲಿನ ಮಣ್ಣು ಕರಗಿ ಹೋಗಿ ಪೊಳ್ಳು ಬಿದ್ದಿತ್ತು. ಎಂಜಿನಿಯರ್ ಮಲಗಿಕೊಂಡು ಒಳಗೆ ಕೈ ಹಾಕಿದರು. ಭುಜದ ತನಕ ಹೋಯಿತು, ಬೆರಳಿಗೆ ಆಚೆಯ ಗೋಡೆ ಸಿಗಲಿಲ್ಲ. ಕೈ ಹೊರಗೆ ತೆಗೆದವರು ಅದನ್ನು ತೊಳೆಯುವುದನ್ನೂ ಮರೆತು ಆ ಓಣಿಯ ಮನೆಗಳನ್ನು ನೋಡುತ್ತ ನಿಂತರು.

ಬೇಸಿಗೆಯಲ್ಲಿ ದುರಸ್ತಿಯ ಕೆಲಸ ನಡೆದಿತ್ತು. ಹೊಸ ಕೇಬಲ್ಲು ಎಳೆಯಲು ನನ್ನನ್ನು ಕರೆದರು. ಹೋಗಲು ನನಗೆ ಕಾಲೇಳಲಿಲ್ಲ. ಮುಖ ತೋರಿಸುವುದು ಹೇಗೆ? ಚಾಚಾ ಬಲವಂತ ಮಾಡಿ ಹೊರಡಿಸಿದರು. ಬಿಸಿಲಿನ ಝಳಕ್ಕೆ ರಸ್ತೆಯ ಮುಂದೆಲ್ಲ ನೀರು ನಿಂತಂತೆ ಕಂಡು, ಹತ್ತಿರ ಹೋದರೆ ಮಾಯವಾಗುತ್ತಿತ್ತು. ಕೆರೆಯ ತಳ ಸೀಳು ಬಿಟ್ಟು ಮಲಗಿತ್ತು. ಓಣಿಯ ಬಾಯಿಗೆ ನೀರಿನ ಟ್ಯಾಂಕರ್ ಬಂದು ನಿಂತಿತ್ತು. ಪಾಳಿ ಇನ್ನೂ ಬರದ ಹೆಂಗಸರು ಬೇವಿನ ನೆರಳಿನ ಕಟ್ಟೆಯ ಮೇಲೆ ಒತ್ತಾಗಿ ಕೂತಿದ್ದರು. ನಡುವೆ ಗಿರಣಿ ಅಕ್ಕ. ನಾನು ಜೀಪು ಇಳಿದು, ಅತ್ತ ಹೋಗಲೋ ಇತ್ತ ಹೋಗಲೋ ತಿಳಿಯದೆ ಬಿಸಿಲಲ್ಲೇ ನಿಂತೆ.

ಅವಳು ನೋಡಿದಳು. ಪಕ್ಕದಲ್ಲಿದ್ದ ಯಾರೋ ಹೊಸ ಸೊಸೆಗೆ ನನ್ನನ್ನು ತೋರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಇವ್ರೇ ನೋಡು ನಮ್ಮ ಕೆರಿ ಖಾಲಿ ಮಾಡ್ಸಿದ ಮೇಡಂ." ಆಮೇಲೆ ತಾನು ಸರಿದು, ಪಕ್ಕದವಳನ್ನೂ ಮೊಣಕೈಯಿಂದ ಸರಿಸಿದಳು. "ಜರಾ ಸರೀರಿ ಎಲ್ಲಾರೂ. ನೆರಳಿಗಿ ಕುಂದರ್ಲಿ."